ಡಿಪಿಎಫ್ ದೀಪ ಪದೇಪದೇ ಹತ್ತುತ್ತಿದ್ದ ಡೀಸೆಲ್ ಕಾರು: ನನ್ನ ಅನುಭವ

ಕಾರವಾರದಲ್ಲಿದ್ದೇನೆ. ಸೆಕೆಂಡ್ ಹ್ಯಾಂಡ್ ಕಾರು, ಬಿಎಸ್ 6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್, ಮ್ಯಾನುವಲ್ ಗೇರ್. ಮನೆ, ಆಫೀಸು, ಮೀನು ಮಾರ್ಕೆಟ್ ಎಲ್ಲ ಸೇರಿ ದಿನಕ್ಕೆ ಆರೇಳು ಕಿಲೋಮೀಟರ್ ಅಷ್ಟೇ. ಮೂರನೇ ತಿಂಗಳಲ್ಲಿ ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ದೀಪ ಹತ್ತಿತು. ಪಿಕಪ್ ಬಿತ್ತು. ಕಾರು ಬಂದ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿತ್ತು.

ಸ್ಕ್ಯಾನರ್ ಹಾಕಿಸಿ ದೋಷದ ಕೋಡ್ ಅಳಿಸಿದೆ, ಎರಡೇ ದಿನಕ್ಕೆ ಮತ್ತೆ ಬಂತು. ಟ್ಯಾಂಕಿಗೆ ಅಡಿಟಿವ್ ಸುರಿದೆ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದೆ. ಸುಮ್ನೆ ದುಡ್ಡು, ಡೀಸೆಲ್ ದಂಡ.

ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ತೆಗೆದಾಗ ವಿಷಯ ಗೊತ್ತಾಯಿತು. ಆಯಿಲ್ ಮೇಲಿನ ಗೆರೆ ದಾಟಿತ್ತು, ತೆಳ್ಳಗಾಗಿತ್ತು, ಡೀಸೆಲ್ ವಾಸನೆ ಬೇರೆ. ಫಿಲ್ಟರಿನೊಳಗಿನ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕೆಂದೇ ಎಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಮಸಿ ಸುಟ್ಟು ಮುಗಿಯುವ ಮೊದಲೇ ನಾನು ಪ್ರತಿ ಸಲ ಅರ್ಧಕ್ಕೇ ಕಾರು ಬಂದ್ ಮಾಡುತ್ತಿದ್ದೆ. ಆ ಡೀಸೆಲ್ ಸ್ವಲ್ಪ ಸ್ವಲ್ಪವೇ ಆಯಿಲಿಗೆ ಇಳಿದಿತ್ತು.

ಮೊದಲು ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿದೆ. ಕಾರಿನ ಪುಸ್ತಕದಲ್ಲಿ ಬರೆದ ಕಡಿಮೆ ಬೂದಿಯ ಸಿ3 ದರ್ಜೆಯದೇ ಹಾಕಿಸಿದೆ. ಈ ಕೆಲಸ ಮೊದಲೇ ಆಗಬೇಕು, ಆಯಿಲ್ ಜಾಸ್ತಿಯಿದ್ದಾಗ ಎಂಜಿನ್ ಜೋರಾಗಿ ಓಡಿಸುವುದು ಅಪಾಯ. ಟ್ಯಾಂಕ್ ಅರ್ಧ ತುಂಬಿಸಿದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೆದ್ದಾರಿ 66ರಲ್ಲಿ ಅಂಕೋಲಾ ಕಡೆ ಹೊರಟೆ. ನಾಲ್ಕನೇ ಗೇರ್, 70ರ ಆಸುಪಾಸು ವೇಗ, 2000ಕ್ಕಿಂತ ಮೇಲೆ ಆರ್‌ಪಿಎಂ. ಎಲ್ಲೂ ನಿಲ್ಲಿಸಲಿಲ್ಲ. ಇಪ್ಪತ್ತು ನಿಮಿಷಕ್ಕೆ ದೀಪ ಆರಿತು. ಇನ್ನೂ ಐದು ನಿಮಿಷ ಹಾಗೇ ಓಡಿಸಿದೆ.

ಈಗ ವಾರಕ್ಕೊಮ್ಮೆ ಇದೇ ಓಟ. ಎಂಜಿನ್ ದೀಪವೂ ಜೊತೆಗೆ ಹತ್ತಿದರೆ ಇದನ್ನು ಮಾಡಬೇಡಿ, ಸರ್ವಿಸ್ ಸೆಂಟರಿಗೆ ಹೋಗಿ. ದಿನದ ಓಡಾಟ ಊರೊಳಗೇ ಇದ್ದರೆ ಪೆಟ್ರೋಲ್ ಕಾರನ್ನೇ ತೆಗೆದುಕೊಳ್ಳಿ.