ಹಳೇ ಕಾರು ನಿಜಕ್ಕೂ ಅಪರೂಪದ್ದೇ? ಹೀಗೆ ಪತ್ತೆ ಮಾಡಿ

ಶೆಡ್ಡಿನಲ್ಲಿ ಅಜ್ಜನ ಕಾಲದ ಕಾರು ದೂಳು ಹಿಡಿದು ನಿಂತಿದೆಯೇ? ಗುಜರಿಗೆ ಕೊಡುವ ಮೊದಲು ಸ್ವಲ್ಪ ತಡೆಯಿರಿ. ಹೊಸ ಬಣ್ಣ ಹೊಡೆಸುವುದಕ್ಕೂ ಅವಸರ ಬೇಡ.

ಮೊದಲು, ಆ ಮಾಡೆಲ್ ಎಷ್ಟು ತಯಾರಾಗಿತ್ತು ಎಂದು ಹುಡುಕಿ. ಫೆರಾರಿ 250 ಜಿಟಿಒ ತಯಾರಾಗಿದ್ದು 1962ರಿಂದ 1964ರವರೆಗೆ, ಬರೀ 36. ಮರ್ಸಿಡಿಸ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ ಇರುವುದೇ ಎರಡು. ಅದರಲ್ಲೊಂದು 2022ರಲ್ಲಿ 13.5 ಕೋಟಿ ಯೂರೋಗೆ ಹರಾಜಾಯಿತು.

ಆಮೇಲೆ, ಈಗ ಎಷ್ಟು ಉಳಿದಿವೆ ನೋಡಿ. ನನ್ನ ಪ್ರಕಾರ ಇದೇ ಮುಖ್ಯ. ದುಬಾರಿ ಕಾರನ್ನು ಜನ ಜೋಪಾನ ಮಾಡುತ್ತಾರೆ, ಅಗ್ಗದ್ದನ್ನು ಸವೆಸಿ ಗುಜರಿಗೆ ಹಾಕುತ್ತಾರೆ. ಮಾರುತಿ 800 ಬೀದಿಬೀದಿಯಲ್ಲಿ ಇತ್ತು, ಅಲ್ವಾ? ಆದರೆ 1983ರ ಡಿಸೆಂಬರ್‌ನಲ್ಲಿ ಬಂದ ಆ ಮೊದಲ ಮಾಡೆಲ್ ಈಗ ಎಲ್ಲಿ ಕಾಣುತ್ತದೆ? ಅದರ ಪೈಪೋಟಿಗೆ ನಲುಗಿದ ನಮ್ಮ ಬೆಂಗಳೂರಿನ ಸಿಪಾನಿ ಡಾಲ್ಫಿನ್ ಇನ್ನೂ ಅಪರೂಪ. ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ ಆ ಪುಟ್ಟ ಕಾರಿಗೆ ಫೈಬರ್‌ಗ್ಲಾಸ್ ಬಾಡಿ, 848 ಸಿಸಿ ಎಂಜಿನ್. ನಮ್ಮ ಊರಲ್ಲೇ ಹುಟ್ಟಿದ ಕಾರು ಎಲ್ಲಾದರೂ ಸಿಕ್ಕರೆ ದಯವಿಟ್ಟು ಉಳಿಸಿಕೊಳ್ಳಿ.

ಮೂರನೆಯದಾಗಿ, ಬಾನೆಟ್ ಎತ್ತಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಪೆಟ್ರೋಲ್ ದುಬಾರಿ ಎಂದು ಎಷ್ಟೋ ಅಂಬಾಸಿಡರ್‌ಗಳಿಗೆ, ಪದ್ಮಿನಿಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಕಾರ್ಖಾನೆಯಿಂದ ಬಂದ ಎಂಜಿನ್ನೇ ಇದ್ದರೆ ಸಂಗ್ರಹಕಾರರ ಕಣ್ಣಲ್ಲಿ ಅದರ ತೂಕವೇ ಬೇರೆ.

ಬಣ್ಣದ ವಿಷಯಕ್ಕೂ ಇದೇ ಮಾತು. ಡಿಕ್ಕಿಯ ಮ್ಯಾಟ್ ಎತ್ತಿ, ಬಾಗಿಲಿನ ಒಳ ಅಂಚು ನೋಡಿ. ಅಲ್ಲಿ ಸಾಮಾನ್ಯವಾಗಿ ಮೊದಲಿನ ಬಣ್ಣ ಉಳಿದಿರುತ್ತದೆ. ಮಾಸಿದ್ದರೂ ಚಿಂತೆಯಿಲ್ಲ. ಸುಮ್ನೆ ಹೊಳಪಿಗಾಗಿ ಅದನ್ನು ಉಜ್ಜಿ ತೆಗೆಸಿದರೆ ಮತ್ತೆ ಬರುವುದಿಲ್ಲ. ಹಳೇ ಬಿಲ್ಲು, ಸರ್ವಿಸ್ ಪುಸ್ತಕ, ಟೂಲ್ ಕಿಟ್ ಇದ್ದರೆ ಜೋಪಾನವಾಗಿಡಿ.

ಕಾರಿಗೆ 50 ವರ್ಷ ದಾಟಿದ್ದು, ಮೂಲ ರೂಪದಲ್ಲೇ ಇದ್ದರೆ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಹುದು. 2021ರ ನಿಯಮದ ಪ್ರಕಾರ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದು ಬರುತ್ತದೆ.

ಒಂದು ಮಾತು: ಅಪರೂಪದ್ದೆಲ್ಲ ಜಾಸ್ತಿ ಬೆಲೆಗೆ ಹೋಗುವುದಿಲ್ಲ. ಕೊಳ್ಳುವ ಆಸೆ ಇರುವವರೂ ಬೇಕು, ಬಿಡಿಭಾಗವೂ ಸಿಗಬೇಕು. ಅದಕ್ಕೇ ಮೆಕ್ಯಾನಿಕ್ಕನ್ನು ಕರೆಯುವ ಮುನ್ನ ಚಾಸಿ ಪ್ಲೇಟ್, ಎಂಜಿನ್, ಸೀಟು, ಮೀಟರ್ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಒಂದು ಸ್ಕ್ರೂವನ್ನೂ ಎಸೆಯಲು ಬಿಡಬೇಡಿ.