ಟೊಂಕ ಹಿಡಿಯುವ ಮುನ್ನ ಕುರ್ಚಿ ಬಿಟ್ಟೇಳುವ ಕ್ರಮ

ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ದಿನಗಳಲ್ಲಿ ಬಾಗಲಕೋಟೆಯ ನವನಗರದ ಯಾವ ಕಚೇರಿಗೆ ಹೋದರೂ, ಕುರ್ಚಿಯಿಂದ ಎದ್ದವರು ಟೊಂಕಕ್ಕೆ ಎರಡೂ ಕೈ ಕೊಟ್ಟು ಹಿಂದಕ್ಕೆ ಬಾಗುವುದು ಕಣ್ಣಿಗೆ ಬೀಳುತ್ತದೆ. ನಾನೂ ಹಲವು ವರ್ಷ ಅದನ್ನೇ ಮಾಡುತ್ತಿದ್ದೆ. ಆದರೆ ಹಿಂದೆ ಹಿಡಿದಂತೆನಿಸಿದರೂ ಎಷ್ಟೋ ಸಲ ಬಿಗಿತ ಮುಂದೆ, ತೊಡೆಸಂದಿನಲ್ಲಿ ಇರುತ್ತದೆ. ಬೆನ್ನುಮೂಳೆಯ ಕೆಳಭಾಗದಿಂದ ಹೊರಟು, ಸೊಂಟದ ಮುಂಬದಿಯನ್ನು ಹಾದು, ತೊಡೆಮೂಳೆಯ ಮೇಲ್ತುದಿಯ ಒಳಬದಿಗೆ ಅಂಟಿಕೊಳ್ಳುವ ಸೋಯಾಸ್ ಎಂಬ ಸ್ನಾಯು ನಾವು ಕುಳಿತಿರುವಷ್ಟು ಹೊತ್ತೂ ಮೊಟಕಾಗಿಯೇ ಇರುತ್ತದೆ. ಇಳಕಲ್ಲಿನ ನೇಕಾರರೂ ಕುಣಿಮಗ್ಗದಲ್ಲಿ ತಾಸುಗಟ್ಟಲೆ ಕುಳಿತೇ ಇರುತ್ತಾರೆ, ಆದರೆ ಕಾಲಿನಿಂದ ಮಗ್ಗ ತುಳಿಯುತ್ತಿರುತ್ತಾರೆ (ಹಾಗೆಂದು ಅವರಿಗೆ ಬೆನ್ನುನೋವು ತಪ್ಪಿಲ್ಲ). ನಮ್ಮ ಕಾಲುಗಳಿಗೆ ಮೇಜಿನ ಕೆಳಗೆ ಅಷ್ಟೂ ಕೆಲಸವಿಲ್ಲ.

ಆದ್ದರಿಂದ 30ರಿಂದ 45 ನಿಮಿಷಕ್ಕೊಮ್ಮೆ ಎದ್ದು, ಎರಡು ನಿಮಿಷವನ್ನು ತೊಡೆಯ ಕೀಲಿಗೆ ಕೊಡಬೇಕು. ಸಂಜೆ ಒಮ್ಮೆಲೇ ಅರ್ಧ ತಾಸು ಮೈ ಎಳೆದಾಡುವುದಕ್ಕಿಂತ ಇದೇ ಮೇಲೆಂಬುದು ನನ್ನ ಅನುಭವ.

ಮೊದಲು ಗೋಡೆಯನ್ನೋ ಕಪಾಟನ್ನೋ ಹಿಡಿದು ನಿಂತು, ಬಲಗಾಲನ್ನು ಒಂದು ಹೆಜ್ಜೆ ಹಿಂದಕ್ಕಿಡಿ. ಎರಡೂ ಪಾದಗಳ ಬೆರಳು ಮುಂದಕ್ಕೇ ನೋಡುತ್ತಿರಲಿ, ಎಡ ಮೊಣಕಾಲು ತುಸು ಮಡಚಿರಲಿ. ಮುಂದಕ್ಕೆ ಜರುಗುವ ಮೊದಲು ಬಲ ಪೃಷ್ಠವನ್ನು ಬಿಗಿಹಿಡಿದು, ಬೆಲ್ಟಿನ ಬಕಲ್ ಹೊಕ್ಕುಳಿನ ಕಡೆಗೆ ಏಳುವಂತೆ, ಸೀರೆಯುಟ್ಟವರಾದರೆ ನಿರಿಗೆ ಸಿಕ್ಕಿಸಿದ ಜಾಗ ಮೇಲಕ್ಕೆ ಹೊರಳುವಂತೆ, ಸೊಂಟವನ್ನು ಒಳಕ್ಕೆ ತಿರುಗಿಸಬೇಕು. ಬಹುತೇಕರು ತಪ್ಪುವುದು ಇಲ್ಲಿಯೇ: ಸೊಂಟ ತಿರುಗಿಸದೆ ಎದೆಯನ್ನು ಮುಂದೆ ತಳ್ಳಿದರೆ ಟೊಂಕ ಬಾಗುತ್ತದೆಯೇ ಹೊರತು ಸ್ನಾಯು ಸಡಿಲವಾಗುವುದಿಲ್ಲ. ಸರಿಯಾಗಿ ಮಾಡಿದಾಗ ಒಂದಂಗುಲ ಜರುಗುವಷ್ಟರಲ್ಲೇ ಬಲತೊಡೆಯ ಮುಂಬದಿಯಲ್ಲಿ ಹಿತವಾದ ಎಳೆತ ತಿಳಿಯುತ್ತದೆ. ಉಸಿರು ಕಟ್ಟದೆ 20ರಿಂದ 30 ಸೆಕೆಂಡು ನಿಂತು, ಕಾಲು ಬದಲಿಸಿ.

ಎರಡನೆಯದನ್ನು ಕುಳಿತೇ ಮಾಡಬಹುದು. ಒಂದು ಕಾಲಿನ ಹಿಮ್ಮಡಿಗಂಟನ್ನು ಇನ್ನೊಂದರ ಮೊಣಕಾಲಿನ ಮೇಲಿಟ್ಟು, ಬೆನ್ನನ್ನು ನೆಟ್ಟಗಿಟ್ಟುಕೊಂಡು ಮುಂದಕ್ಕೆ ವಾಲಿದರೆ ಪೃಷ್ಠದ ಆಳದಲ್ಲಿ ಎಳೆತ ಉಂಟಾಗುತ್ತದೆ. ಮೊಣಕಾಲು ನೋಯುವವರು ಇದನ್ನು ಬಿಡುವುದು ಒಳ್ಳೆಯದು. ತೊಡೆಯ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆದವರು ವೈದ್ಯರ ಒಪ್ಪಿಗೆಯಿಲ್ಲದೆ ಕಾಲನ್ನು ಹೀಗೆ ಅಡ್ಡ ಹಾಕಲೇಬಾರದು.

ಎಳೆತಕ್ಕೂ ನೋವಿಗೂ ವ್ಯತ್ಯಾಸವಿದೆ. ತೊಡೆಸಂದಿನೊಳಗೆ ಚಿವುಟಿದಂತಾದರೆ ಅಥವಾ ಕಾಲಿನುದ್ದಕ್ಕೂ ಜುಮ್ಮೆನ್ನುವ ಸೆಳೆತ ಇಳಿದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತೋರಿಸಬೇಕು. ತೊಡೆಗಳ ನಡುವಿನ ಭಾಗ ಮರಗಟ್ಟಿ ಮೂತ್ರದ ಹತೋಟಿ ತಪ್ಪಿದರಂತೂ ಒಂದು ದಿನವೂ ಕಾಯದೆ ಆಸ್ಪತ್ರೆ ಸೇರಬೇಕು.

ಕೊನೆಗೆ ಕೈಯೂರದೆ ಎಂಟು-ಹತ್ತು ಸಲ ಕುರ್ಚಿಯಿಂದ ನಿಧಾನವಾಗಿ ಎದ್ದು ಕುಳಿತುಕೊಳ್ಳಿ. ಗಾಲಿಗಳಿರುವ ಕುರ್ಚಿಯಾದರೆ ಅದನ್ನು ಗೋಡೆಗೆ ಒತ್ತಿಡಿ. ನಮ್ಮ ವಿಭಾಗದಲ್ಲಿ ಇದನ್ನು ನೆನಪಿಸಲು ಮೊಬೈಲಿನ ಅಲಾರಂ ಇಟ್ಟು ನೋಡಿದೆವು, ಎರಡೇ ದಿನಕ್ಕೆ ಎಲ್ಲರೂ ಆರಿಸಿಬಿಟ್ಟರು. ಈಗ ನೀರಿನ ಬಾಟಲಿಗಳನ್ನು ಮೇಜಿನಿಂದ ತೆಗೆದು ಬಾಗಿಲ ಬಳಿಯ ಕಪಾಟಿನ ಮೇಲೆ ಇಟ್ಟಿದ್ದೇವೆ. ಬಾಯಾರಿದವರು ಅಲ್ಲಿಗೆ ಹೋಗಿ, ಅದೇ ಕಪಾಟನ್ನು ಹಿಡಿದು ಕಾಲನ್ನು ಹಿಂದಕ್ಕಿಡುತ್ತಾರೆ.