ಗೋಸುಂಬೆಯ ಬಸಿರು, ಬಾಣಂತನ

ಮನೆಯಲ್ಲಿರುವುದು ಒಂದೇ ಹೆಣ್ಣು ಗೋಸುಂಬೆ. ಗಂಡಿನ ಮುಖವನ್ನೇ ಅದು ನೋಡಿಲ್ಲ. ಆದರೂ ಒಂದು ದಿನ ಮೊಟ್ಟೆ ಇಡುತ್ತದೆ. ಹುಂಜ ಇಲ್ಲದಿದ್ದರೂ ಕೋಳಿ ಮೊಟ್ಟೆ ಇಡುವುದಿಲ್ಲವೇ, ಹಾಗೆಯೇ. ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಬೆಟ್ಟಗಳಿಂದ ಬಂದ ‘ವೇಲ್ಡ್’ ಗೋಸುಂಬೆಯ ಸ್ವಭಾವ ಇದು. ಅಮೆರಿಕ, ಯುರೋಪಿನಲ್ಲಿ ಗೋಸುಂಬೆ ಸಾಕುವವರ ಮನೆಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇದೇ ಜಾತಿ. ಹಾಗಾಗಿ ಮರಿ ಮಾಡಿಸುವ ಆಸೆ ಇಲ್ಲದವರೂ ಈ ಲೇಖನದ ಅರ್ಧ ಭಾಗವನ್ನಂತೂ ಓದಲೇಬೇಕು.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಮ್ಮ ಬೇಲಿ, ಕುರುಚಲು ಕಾಡಿನಲ್ಲಿ ಸಿಗುವ ಗೋಸುಂಬೆ ಬೇರೆ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ವೇಲ್ಡ್ ಗೋಸುಂಬೆ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಇಡುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಭಾರತದಲ್ಲಿ ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ ತಿಳಿಸಬೇಕು. ಕಾಗದಪತ್ರ ಇಲ್ಲದೆ ಮಾರಲು ಬಂದವರಿಂದ ಕೊಳ್ಳಬೇಡಿ.

ಜೋಡಿ ಮಾಡುವುದು

ಗಂಡು ಹೆಣ್ಣು ಗುರುತಿಸುವುದು ಸುಲಭ. ಗಂಡಿನ ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥ ಗಂಟು ಇರುತ್ತದೆ. ಮೊಟ್ಟೆಯಿಂದ ಹೊರಬಂದ ದಿನವೇ ಅದು ಕಾಣುತ್ತದೆ. ಹೆಣ್ಣಿಗೆ ಇರುವುದಿಲ್ಲ.

ಹೆಣ್ಣು ನಾಲ್ಕರಿಂದ ಆರು ತಿಂಗಳಿಗೆಲ್ಲ ಮೈ ನೆರೆಯುತ್ತದೆ. ಆದರೆ ಆಗಲೇ ಜೋಡಿ ಮಾಡಬೇಡಿ. ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಇದ್ದ ಕ್ಯಾಲ್ಸಿಯಂ ಎಲ್ಲ ಮೊಟ್ಟೆಗೆ ಹೋಗಿಬಿಡುತ್ತದೆ. ಒಂದು ವರ್ಷ ತುಂಬಲಿ. ಕಾಲು ಸೊಟ್ಟಗಿದ್ದರೆ, ಕೊಂಬೆ ಹಿಡಿಯುವ ಬಿಗಿ ಸಡಿಲವಾಗಿದ್ದರೆ, ಹಗಲಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರೆ ಆ ಹೆಣ್ಣಿಗೆ ಬಸಿರು ಬೇಡವೇ ಬೇಡ.

ಗೋಸುಂಬೆಗಳು ಒಂಟಿ ಜೀವಿಗಳು. ಗಂಡು ಹೆಣ್ಣನ್ನು ಒಂದೇ ಗೂಡಿನಲ್ಲಿ ಸಂಸಾರಕ್ಕೆ ಬಿಡುವಂತಿಲ್ಲ. ಮೊದಲು ದೂರದಿಂದ ಒಂದಕ್ಕೊಂದು ಕಾಣುವಂತೆ ಮಾಡಿ, ಹೆಣ್ಣಿನ ಬಣ್ಣ ಗಮನಿಸಿ. ತಿಳಿ ಹಸಿರು ಮೈ, ಅಲ್ಲಲ್ಲಿ ನೀಲಿ ಚುಕ್ಕೆ, ನಿಧಾನ ನಡಿಗೆ ಇದ್ದರೆ ಒಪ್ಪಿಗೆ ಇದೆ ಎಂದರ್ಥ. ಮೈ ಕಪ್ಪಾಗಿ, ಅದರ ಮೇಲೆ ಹಳದಿ ನೀಲಿ ಚುಕ್ಕೆ ಹೊಳೆದು, ಬಾಯಿ ತೆರೆದು ಹಿಂದೆ ಮುಂದೆ ತೂಗಾಡಿದರೆ ಬೇಡ ಎಂದೇ ಅರ್ಥ. ಬಲವಂತ ಮಾಡಿದರೆ ಕಚ್ಚಾಟವೇ ಗತಿ. ಒಪ್ಪಿದರೆ ಹೆಣ್ಣನ್ನು ಗಂಡಿನ ಗೂಡಿಗೆ ಬಿಟ್ಟು ಹತ್ತಿರವೇ ಇದ್ದು ನೋಡಿ. ಕೂಡುವಿಕೆ ಕೆಲವು ನಿಮಿಷಗಳಿಂದ ಅರ್ಧ ಗಂಟೆವರೆಗೂ ನಡೆಯಬಹುದು. ಒಂದೆರಡು ದಿನದಲ್ಲಿ ಹೆಣ್ಣು ಆ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಆಗ ಬೇರೆ ಮಾಡಿ, ಗಂಡು ಕಣ್ಣಿಗೂ ಬೀಳದ ಹಾಗೆ ಇಡಿ. ಗಂಡಿನ ಕೆಲಸ ಇಲ್ಲಿಗೆ ಮುಗಿಯಿತು, ನಿಮ್ಮದು ಈಗ ಶುರು.

ಬಸುರಿಯ ಊಟ

ಮೊಟ್ಟೆ ಇಡಲು ಇನ್ನು 20ರಿಂದ 30 ದಿನ. ಬಸುರಿಗೆ ಎರಡು ಜೀವದ ಊಟ ಎನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತಿಂಡಿ ಜಾಸ್ತಿ ಆದಷ್ಟೂ, ಕಾವು ಜಾಸ್ತಿ ಆದಷ್ಟೂ ಮೊಟ್ಟೆಯ ಸಂಖ್ಯೆ ಏರುತ್ತದೆ. ಹದವಾಗಿ ಸಾಕಿದ ಹೆಣ್ಣು 20–30 ಮೊಟ್ಟೆ ಇಟ್ಟರೆ, ಸಿಕ್ಕಾಪಟ್ಟೆ ತಿನ್ನಿಸಿದ್ದು 60, 70 ದಾಟುತ್ತದೆ. ಅಷ್ಟೊಂದು ಮೊಟ್ಟೆ ಹೊತ್ತ ಹೆಣ್ಣು ಬಡಕಲಾಗುತ್ತದೆ, ಆಯಸ್ಸೂ ಕಡಿಮೆಯಾಗುತ್ತದೆ. ಗಂಡುಗಳಿಗಿಂತ ಹೆಣ್ಣುಗಳು ಬೇಗ ಸಾಯಲು ಇದೇ ದೊಡ್ಡ ಕಾರಣ. ಇದು ಗಂಡು ನೋಡದ ಹೆಣ್ಣಿಗೂ ಅನ್ವಯಿಸುವ ಮಾತು.

ದಿನ ಬಿಟ್ಟು ದಿನ ನಾಲ್ಕೈದು ಕ್ರಿಕೆಟ್ ಹುಳು ಸಾಕು. ಹುಳುಗಳಿಗೆ ಹಿಂದಿನ ದಿನವೇ ಸೊಪ್ಪು, ಕ್ಯಾರೆಟ್ ತಿನ್ನಿಸಿರಿ. ಪ್ರತಿ ಸಲವೂ ಸಾದಾ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಮತ್ತು ವಿಟಮಿನ್ ಪುಡಿ ತಿಂಗಳಿಗೆ ಎರಡು ಸಲ ಮಾತ್ರ. ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಸೂಸುವ ಯುವಿಬಿ ದೀಪ ಇಲ್ಲದೆ ಈ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಹಳೆಯ ದೀಪ ಉರಿಯುತ್ತಲೇ ಇರುತ್ತದೆ, ಆದರೆ ಅದರ ಯುವಿಬಿ ಸತ್ತಿರುತ್ತದೆ. ತಯಾರಕರು ಹೇಳಿದ ಅವಧಿಗೆ ಬದಲಿಸಿ. ಬಿಸಿಲು ಕಾಯುವ ಜಾಗ 27–29 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ನೀರೆಂದು ಗುರುತಿಸುವುದೇ ಇಲ್ಲ. ಎಲೆ ಮೇಲೆ ನೀರು ಚಿಮುಕಿಸಬೇಕು, ಹನಿ ಹನಿ ಬೀಳುವಂತೆ ಮಾಡಬೇಕು.

ಹೆರಿಗೆ ಮನೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜೋಡಿ ಮಾಡುವ ಮೊದಲೇ ಇದು ತಯಾರಿರಲಿ. ಒಂಟಿ ಹೆಣ್ಣಿದ್ದರೆ ಗೂಡಿನಲ್ಲಿ ಯಾವಾಗಲೂ ಇರಲಿ.

ಒಳಗೆ ಕಾಣದಂಥ ದೊಡ್ಡ ಬಕೆಟ್ ಅಥವಾ ಡಬ್ಬ ತೆಗೆದುಕೊಳ್ಳಿ. ಅಗಲ ಕನಿಷ್ಠ 30 ಸೆಂ.ಮೀ. ಇರಲಿ. ತೊಳೆದ ಮರಳನ್ನು, ಬೇಕಿದ್ದರೆ ಗೊಬ್ಬರ ಹಾಕದ ಮಣ್ಣು ಬೆರೆಸಿ, 25–30 ಸೆಂ.ಮೀ. ಆಳಕ್ಕೆ ತುಂಬಿ. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಹದ ನೋಡಲು ಕೈಯಿಂದಲೇ ಒಂದು ಸುರಂಗ ತೋಡಿ. ಕುಸಿಯದೆ ನಿಲ್ಲಬೇಕು, ತಳದಲ್ಲಿ ನೀರೂ ನಿಲ್ಲಬಾರದು. ಇಳಿದು ಹತ್ತಲು ಒಂದು ಕೊಂಬೆ ಇಡಿ.

ದಿನ ಹತ್ತಿರ ಬಂದಾಗ ಹೆಣ್ಣು ಊಟ ಬಿಡುತ್ತದೆ, ಎಂದೂ ನೆಲಕ್ಕಿಳಿಯದ್ದು ಗೂಡಿನ ತಳದಲ್ಲಿ ಓಡಾಡುತ್ತದೆ, ಮೂಲೆ ಕೆರೆಯುತ್ತದೆ. ಹೊಟ್ಟೆಯಲ್ಲಿ ಗೋಲಿಗಳ ಹಾಗೆ ಉಬ್ಬು ಕಾಣಬಹುದು. ಈಗ ಗೂಡಿನ ಮೂರು ಬದಿಗೆ ಬಟ್ಟೆ ಇಳಿಬಿಡಿ. ಅಗೆಯುವಾಗ ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಅದು ಕೆಲಸ ಅರ್ಧಕ್ಕೆ ಬಿಟ್ಟುಬಿಡುತ್ತದೆ. ಮಕ್ಕಳು, ಮೊಬೈಲ್ ಕ್ಯಾಮೆರಾ ಎರಡೂ ದೂರ ಇರಲಿ. ಒಂದೆರಡು ಗುಂಡಿ ತೋಡಿ ಬಿಟ್ಟು ಮೂರನೆಯದರಲ್ಲಿ ಇಡಬಹುದು. ರಾತ್ರಿ ಸುರಂಗದಲ್ಲೇ ಮಲಗಿದರೂ ಎಬ್ಬಿಸಬೇಡಿ. ಮೊಟ್ಟೆ ಇಟ್ಟ ಮೇಲೆ ತಾನೇ ಮಣ್ಣು ಮುಚ್ಚಿ, ತುಳಿದು, ಕೊಂಬೆಗೆ ಮರಳುತ್ತದೆ. ಅಲ್ಲಿಯತನಕ ಕೈ ಹಾಕಬೇಡಿ.

ನಮ್ಮ ಕಾಡಿನ ಗೋಸುಂಬೆಯೂ ಹೀಗೆಯೇ ಮೊಟ್ಟೆ ಇಡಲು ನೆಲಕ್ಕಿಳಿದು ಮಣ್ಣು ತೋಡುತ್ತದೆ. ತೋಟದಲ್ಲಿ ಅಂಥದ್ದು ಕಂಡರೆ ಅಪಶಕುನ ಅಂತ ಕಲ್ಲೆತ್ತಬೇಡಿ.

ಅಪಾಯದ ಲಕ್ಷಣ

ಮೂರ್ನಾಲ್ಕು ದಿನ ಕೆರೆದಾಡಿಯೂ ಮೊಟ್ಟೆ ಇಡದಿದ್ದರೆ ಅದು ಒಳಗೇ ಸಿಕ್ಕಿಕೊಂಡಿರಬಹುದು. ಹಗಲಲ್ಲಿ ಕಣ್ಣು ಮುಚ್ಚಿ ತಳದಲ್ಲಿ ಬಿದ್ದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಕೊಂಬೆ ಹಿಡಿಯಲಾಗದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ. ತೋಡಲು ಜಾಗ ಇಲ್ಲದ್ದು, ಕ್ಯಾಲ್ಸಿಯಂ ಕೊರತೆ, ನೀರಿನ ಕೊರತೆ, ಗಲಾಟೆ, ಇವೇ ಸಾಮಾನ್ಯ ಕಾರಣಗಳು. ಎಕ್ಸ್‌ರೇ ತೆಗೆದು, ದ್ರವ ಮತ್ತು ಕ್ಯಾಲ್ಸಿಯಂ ಕೊಟ್ಟು ನೋಡುತ್ತಾರೆ. ಆಗದಿದ್ದರೆ ಶಸ್ತ್ರಚಿಕಿತ್ಸೆ. ಹೊಟ್ಟೆ ಒತ್ತಿ ಮೊಟ್ಟೆ ಹೊರಹಾಕಲು ಮಾತ್ರ ಹೋಗಬೇಡಿ, ಒಳಗೇ ಒಡೆಯುತ್ತದೆ. ಹಲ್ಲಿ, ಹಾವು ನೋಡಿ ಅಭ್ಯಾಸವಿರುವ ವೈದ್ಯರು ಎಲ್ಲ ಊರಲ್ಲೂ ಸಿಗುವುದಿಲ್ಲ. ಜೋಡಿ ಮಾಡುವ ಮುನ್ನವೇ ಒಬ್ಬರನ್ನು ವಿಚಾರಿಸಿಟ್ಟಿರಿ.

ಹೆತ್ತ ಹೆಣ್ಣು ಸೊರಗಿ, ಬಾಯಾರಿರುತ್ತದೆ. ಮೊದಲು ಬಹಳ ಹೊತ್ತು ನೀರು ಚಿಮುಕಿಸಿ, ಆಮೇಲೆ ಊಟ. ಒಂದು ವಾರ ದಿನಾ ಹುಳು ಕೊಡಬಹುದು, ಕ್ಯಾಲ್ಸಿಯಂ ಪುಡಿ ತಪ್ಪಿಸಬೇಡಿ. ಬಳಿಕ ಹಳೆಯ ಲೆಕ್ಕಕ್ಕೆ ಬನ್ನಿ. ಗಂಡಿನ ವೀರ್ಯವನ್ನು ಇದು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಮೂರ್ನಾಲ್ಕು ತಿಂಗಳಲ್ಲಿ, ಮತ್ತೆ ಗಂಡಿನ ಜೊತೆ ಬಿಡದೆಯೂ, ಮರಿಯಾಗುವ ಮೊಟ್ಟೆ ಇಡಬಹುದು. ಮರಳಿನ ಬಕೆಟ್ ಎತ್ತಿಡಬೇಡಿ.

ಮೊಟ್ಟೆ ಮತ್ತು ಮರಿ

ಚಮಚ, ಬೆರಳಿನಿಂದ ಮೆಲ್ಲಗೆ ಅಗೆದು ತೆಗೆಯಿರಿ. ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಆ ಬದಿಯೇ ಕೊನೆತನಕ ಮೇಲಿರಬೇಕು, ಹೊರಳಿಸಿದರೆ ಒಳಗಿನ ಭ್ರೂಣ ಸಾಯಬಹುದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೂಕಕ್ಕೆ ಸಮ ನೀರು ಬೆರೆಸಿದ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಹರಳು) ತುಂಬಿ, ಒಂದು ಬೆರಳು ಅಂತರ ಬಿಟ್ಟು ಅರ್ಧ ಹೂಳಿ. ಮುಚ್ಚಳಕ್ಕೆ ಒಂದೆರಡು ಸೂಜಿ ತೂತು ಇರಲಿ. 24–28 ಡಿಗ್ರಿ ಇರುವ ಕತ್ತಲೆ ಕಪಾಟಿನಲ್ಲಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಮರೆತುಬಿಡಿ. ವಾರಕ್ಕೊಮ್ಮೆ ಇಣುಕಿದರೆ ಸಾಕು. ಹಳದಿಯಾಗಿ ಕುಗ್ಗಿ ಬೂಷ್ಟು ಹಿಡಿದದ್ದನ್ನು ತೆಗೆದುಹಾಕಿ.

ಮರಿಗೆ ಆರರಿಂದ ಒಂಬತ್ತು ತಿಂಗಳು ಕಾಯಬೇಕು. ಈ ಮೊಟ್ಟೆಯೊಳಗಿನ ಭ್ರೂಣ ಶುರುವಿನಲ್ಲಿ ಬೆಳವಣಿಗೆ ನಿಲ್ಲಿಸಿ ತಿಂಗಳುಗಟ್ಟಲೆ ಸುಮ್ನೆ ಇರುತ್ತದೆ. ಏನೂ ಆಗುತ್ತಿಲ್ಲ ಅಂತ ಎಸೆಯಬೇಡಿ. ಕಾಲ ಬಂದಾಗ ಮೊಟ್ಟೆ ಬೆವರುತ್ತದೆ, ಸುಕ್ಕಾಗುತ್ತದೆ, ತುದಿ ಸೀಳುತ್ತದೆ. ಮೂತಿ ಮಾತ್ರ ಹೊರಗಿಟ್ಟು ಮರಿ ಒಂದು ದಿನ ಹಾಗೇ ಕೂರಬಹುದು. ಒಳಗಿನ ಹಳದಿಯನ್ನು ಹೀರಿಕೊಳ್ಳುತ್ತಿರುತ್ತದೆ, ಎಳೆಯಬೇಡಿ.

ಮರಿಗಳಿಗೆ ಹಣ್ಣಿನ ನೊಣ, ಆಗಷ್ಟೇ ಹುಟ್ಟಿದ ಕ್ರಿಕೆಟ್ ಮರಿ ಬೇಕು, ದಿನಕ್ಕೆ ಎರಡು ಸಲ. ನೀರು ಮಂಜಿನಂತೆ ಚಿಮುಕಿಸಿ, ದೊಡ್ಡ ಹನಿಗೆ ಮುಳುಗುವಷ್ಟು ಚಿಕ್ಕವು. ಚಿಕ್ಕ ಗುಂಪು ಮಾಡಿ ಸಾಕಿ, ಒಂದು ಇನ್ನೊಂದರ ಬಾಲ ಕಚ್ಚಲು ಶುರು ಮಾಡಿದರೆ ತಕ್ಷಣ ಬೇರೆ ಮಾಡಿ. ಮೂರ್ನಾಲ್ಕು ತಿಂಗಳಿಗೆ ಪ್ರತಿಯೊಂದಕ್ಕೂ ಬೇರೆ ಗೂಡು ಬೇಕೇ ಬೇಕು. ಮೂವತ್ತು ಮರಿ ಎಂದರೆ ಮೂವತ್ತು ಗೂಡು, ಮೂವತ್ತು ದೀಪ. ತೆಗೆದುಕೊಳ್ಳುವವರು ಮೊದಲೇ ಗೊತ್ತಾಗದಿದ್ದರೆ ಅಷ್ಟನ್ನೂ ಕಾವಿಗೆ ಇಡಬೇಡಿ. ಬೇಡದ ಮೊಟ್ಟೆಗಳನ್ನು ಇಟ್ಟ ದಿನವೇ ಫ್ರೀಜರ್‌ಗೆ ಹಾಕುವವರಿದ್ದಾರೆ, ಅದೇ ಸರಿ. ಹೆಚ್ಚಾದ ಮರಿಗಳನ್ನು ಹೊರಗೆ ಬಿಡುವ ಯೋಚನೆಯಂತೂ ಬೇಡ. ಫ್ಲಾರಿಡಾ ಮತ್ತು ಹವಾಯಿಯ ಮಾವಿ ದ್ವೀಪದಲ್ಲಿ ಸಾಕುಗೂಡು ದಾಟಿ ಹೋದ ವೇಲ್ಡ್ ಗೋಸುಂಬೆಗಳು ಅಲ್ಲೇ ಬೀಡುಬಿಟ್ಟಿವೆ. ಅಲ್ಲಿನ ಅಧಿಕಾರಿಗಳು ಅವುಗಳನ್ನು ಹುಡುಕಿ ತೆಗೆಯುವ ಕೆಲಸಕ್ಕೆ ಇಳಿಯಬೇಕಾಯಿತು.